ಸಲಾಡ್ ಬಾರಿನಲ್ಲಿ ಬಡಿಸುವವರು

ನಿಂತುಕೊಂಡು ಉಣ್ಣುವವರಿಗೆ ಒಂದು ಅನುಕೂಲವಿದೆ. ಫೋನು ಬಂದರೆ ಏಳಬೇಕಾಗಿಲ್ಲ. ಆ ದಿನ ಮಧ್ಯಾಹ್ನ ನ್ಯಾಮತಿಯ ನನ್ನ ಬಾಡಿಗೆ ಮನೆಯ ಅಡುಗೆಕಟ್ಟೆಗೆ ಒರಗಿ ನಿಂತು, ಕುಕ್ಕರಿನಲ್ಲಿದ್ದ ಅನ್ನದ ಮೇಲೆಯೇ ಒಂದು ಸೌಟು ಸಾರು ಸುರಿದುಕೊಂಡು ಚಮಚದಲ್ಲಿ ಉಣ್ಣುತ್ತಿದ್ದೆ. ತಟ್ಟೆ ಇರಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ ತೊಳೆಯುವ ಕೆಲಸ ಉಳಿಯುತ್ತದಲ್ಲ ಎಂದು ಹೇಳಲು ಉತ್ತರವನ್ನೂ ತಯಾರು ಮಾಡಿಟ್ಟುಕೊಂಡಿದ್ದೇನೆ. ಇದುವರೆಗೆ ಯಾರೂ ಕೇಳಿಲ್ಲ.

ಫೋನು ಮಾಡಿದವಳು ಮಂಜುಳ, ನನ್ನ ಹಳೆಯ ವಿದ್ಯಾರ್ಥಿನಿ. ಹೈಸ್ಕೂಲಿನಲ್ಲಿ ನನ್ನ ಇಂಗ್ಲಿಷ್ ಪಾಠವನ್ನು ಮೂರು ವರ್ಷ ಮುಂದಿನ ಬೆಂಚಿನಲ್ಲಿ ಕೂತು ಕೇಳಿ, ಅದೊಂದರಲ್ಲೇ ಎರಡು ಸಲ ಫೇಲಾದವಳು. ಈಗ ಹೊನ್ನಾಳಿಯಲ್ಲಿದ್ದು ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಕಾಂಟ್ರಾಕ್ಟ್ ಹಿಡಿಯುತ್ತಾಳೆ. ಸಾವಿರ ಜನಕ್ಕೆ ಹೋಳಿಗೆ ಎಂದರೂ ಹೆದರುವವಳಲ್ಲ. ಇಂಗ್ಲಿಷ್ ಬಾರದ್ದರಿಂದ ಅವಳಿಗೆ ಏನಾದರೂ ನಷ್ಟವಾಗಿದೆ ಎಂದು ನನಗೆ ಅನ್ನಿಸುವುದಿಲ್ಲ. ಈ ಮಾತನ್ನು ಕೆಲಸದಲ್ಲಿದ್ದಾಗ ಒಪ್ಪಿಕೊಳ್ಳುತ್ತಿರಲಿಲ್ಲ, ನಿವೃತ್ತಳಾದ ಮೇಲೆ ಒಪ್ಪಿಕೊಂಡಿದ್ದೇನೆ.

"ಮೇಡಂ, ಊಟ ಆಯ್ತಾ?"

"ಆಯ್ತಮ್ಮಾ," ಎಂದೆ, ಬಾಯಿ ತುಂಬಾ ಅನ್ನ ಇಟ್ಟುಕೊಂಡು.

"ಚನ್ನಗಿರಿಲಿ ಒಂದು ಮದ್ವೆ ಹಿಡ್ದೀನಿ ಮೇಡಂ. ಪಾರ್ಟಿಯೋರು ಏನೇನ್ ಮಾಡ್ಬೇಕು ಅಂತ ಲಿಸ್ಟ್ ಕೊಟ್ಟಾರೆ. ಅದ್ರಾಗೆ ಸಲಾಡ್ ಬಾರ್ ಅಂತ ಐತೆ. ಹಂಗಂದ್ರೇನ್ರೀ? ಕೇಳಾಕೆ ನಾಚ್ಕೆ ಆಗಿ ಹ್ಞೂಂ ಅಂದು ಬಂದ್ಬಿಟ್ಟೀನಿ. ನಾನು ಯಾವ ಬಾರನ್ನೂ ಇಡೋದಿಲ್ಲ ನೋಡ್ರಿ ಮತ್ತೆ."

ಗೊತ್ತಿಲ್ಲ ಎನ್ನುವ ಅಭ್ಯಾಸ ಮೇಷ್ಟರ ಜಾತಿಗೆ ಇರುವುದಿಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದೇನೆ, ಹತ್ತು ನಿಮಿಷ ಬಿಟ್ಟು ಮಾಡು ಎಂದೆ. ಒಲೆಯ ಮೇಲೆ ಹಾಲಿರಲಿಲ್ಲ. ಮನೆಯಲ್ಲೇ ಇರಲಿಲ್ಲ.

ನನ್ನ ನಿಘಂಟಿಗೆ ನನ್ನ ನೌಕರಿಯಷ್ಟೇ ವಯಸ್ಸು. ಜಗಳೂರಿನಲ್ಲಿ ಮೊದಲು ಕೆಲಸಕ್ಕೆ ಸೇರಿದಾಗ ಕೊಂಡದ್ದು. ಬೆನ್ನು ಕಿತ್ತುಹೋದಾಗ ನನ್ನ ಅಕ್ಕ ತನ್ನ ಹಳೆಯ ಸೀರೆಯ ಅಂಚನ್ನು ಗೋಂದು ಹಚ್ಚಿ ಅಂಟಿಸಿದ್ದಳು. ಹಾಗಾಗಿ ಅದು ನೋಡಲು ಪಂಚಾಂಗದ ಹಾಗೂ ಅಲ್ಲದ, ನಿಘಂಟಿನ ಹಾಗೂ ಅಲ್ಲದ ಒಂದು ವಸ್ತು. ಅದರಲ್ಲಿ ಸಲಾಡ್ ಇತ್ತು, ಹಸಿ ತರಕಾರಿಯ ಕೋಸಂಬರಿ ಎಂದು. ಬಾರ್ ಕೂಡ ಇತ್ತು, ಸರಳು, ತಡೆ, ವಕೀಲರ ಸಮೂಹ ಇತ್ಯಾದಿ ಅರ್ಧ ಪುಟ. ಇವೆರಡನ್ನೂ ಕೂಡಿಸಿದ್ದು ಮಾತ್ರ ಇರಲಿಲ್ಲ. ಕೊನೆಗೆ ಫೋನನ್ನೇ ಕೇಳಿದೆ. ಅದು ಚಿತ್ರ ಸಮೇತ ಹೇಳಿತು. ಉದ್ದನೆಯ ಮೇಜು, ಅದರ ಮೇಲೆ ಬಟ್ಟಲುಗಳಲ್ಲಿ ಹೆಚ್ಚಿದ ಸೌತೆ, ಗಜ್ಜರಿ, ಮೊಳಕೆ ಕಾಳು, ಮೇಲೆ ಹಾಕಿಕೊಳ್ಳಲು ಹುಳಿ, ಖಾರ, ಎಣ್ಣೆ. ಉಣ್ಣುವವರು ತಟ್ಟೆ ಹಿಡಿದು ಬಂದು ಬೇಕಾದ್ದನ್ನು ಬೇಕಾದಷ್ಟು ತಾವೇ ಹಾಕಿಕೊಳ್ಳಬೇಕು.

ಮಂಜುಳ ಮತ್ತೆ ಮಾಡಿದಾಗ ಪಾಠದ ದನಿಯಲ್ಲಿ ಇಷ್ಟನ್ನೂ ವಿವರಿಸಿದೆ.

"ಅಂದ್ರೆ ಮೇಡಂ, ಬಡಿಸೋರು ಯಾರೂ ಇರಲ್ಲ?"

"ಇರಲ್ಲ."

"ತಾವೇ ಬಡಿಸ್ಕ್ಯಂಡು ತಾವೇ ತಿನ್ನಾದಾ? ಅಯ್ಯೋ ಪಾಪ!"

ಆ ಪಾಪ ಯಾರಿಗೆಂದು ಅವಳಿಗೂ ಗೊತ್ತಿರಲಿಲ್ಲ. ಆದರೆ ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. "ಅರ್ಥ ಆಯ್ತು ಬಿಡ್ರಿ. ನೀವು ಹೇಳ್ತಿದ್ರಲ್ಲ, ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಿ ಅಂತ. ಮದ್ವೆಗೆ ಬರ್ರಿ, ವಾಕ್ಯದಾಗೆ ಬಳಸಿ ತೋರಿಸ್ತೀನಿ," ಎಂದು ನಕ್ಕು ಅವಳು ಫೋನಿಟ್ಟಳು. ಸ್ವಂತ ವಾಕ್ಯ ನನಗೆ ಆಗಲೇ ಹೊಳೆದಿತ್ತು. ನಾನು ಕಳೆದ ಕಾರ್ತಿಕದಿಂದ ಸಲಾಡ್ ಬಾರಿನಲ್ಲಿ ಊಟ ಮಾಡುತ್ತಿದ್ದೇನೆ.

ಅಕ್ಕ ಹೋದದ್ದು ಕಾರ್ತಿಕದಲ್ಲಿ. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅಮ್ಮ ಬೇಗ ತೀರಿಕೊಂಡಳಾದ್ದರಿಂದ ನನ್ನನ್ನು ಬೆಳೆಸಿದವಳೂ ಅವಳೇ. ನನಗೆ ಮದುವೆ ಆಗಲಿಲ್ಲ, ಅವಳಿಗೆ ಆಗಿ ಉಳಿಯಲಿಲ್ಲ. ಹಾಗೆ ನಾವಿಬ್ಬರೇ ಒಂದು ಸಂಸಾರವಾದೆವು. ನಾನು ಸಂಬಳ ತರುವುದು, ಅವಳು ಅಡುಗೆ ಮಾಡುವುದು, ಸಂಜೆ ಇಬ್ಬರೂ ಕೂಡಿ ಊರಿನವರನ್ನು ಆಡಿಕೊಳ್ಳುವುದು. ನಲವತ್ತು ವರ್ಷಕ್ಕೆ ಹತ್ತಿರ ಹೀಗೇ ನಡೆಯಿತು. ಇದಕ್ಕಿಂತ ಚೆನ್ನಾಗಿ ನಡೆದ ಸಂಸಾರಗಳನ್ನು ನಾನು ಹೆಚ್ಚು ನೋಡಿಲ್ಲ.

ಅಕ್ಕನದೊಂದು ಕಾನೂನಿತ್ತು. ತನ್ನ ತಟ್ಟೆಗೆ ತಾನೇ ಬಡಿಸಿಕೊಳ್ಳಬಾರದು. ನಾನು ಕೂತ ಜಾಗದಿಂದ ಉಪ್ಪಿನ ಡಬ್ಬಿಗೆ ಕೈ ಚಾಚಿದರೂ ಸಾಕು, "ಕೈ ತೆಗಿ ಟೀಚರಮ್ಮ, ನಾನಿಲ್ವಾ?" ಎಂದು ಗದರುತ್ತಿದ್ದಳು. ಕೆಲಸ ಸಿಕ್ಕ ದಿನದಿಂದ ಅವಳಿಗೆ ನಾನು ಟೀಚರಮ್ಮನೇ. ಅವಳ ತಟ್ಟೆಗೆ ನಾನು ಬಡಿಸಬೇಕಿತ್ತು. ನನ್ನ ಕೈಗೆ ಅಳತೆ ಇಲ್ಲ, ಅನ್ನ ಹಾಕೆಂದರೆ ಗುಡ್ಡೆ ಹಾಕುತ್ತೇನೆ. ಅದನ್ನು ಬೈಯುತ್ತ ಬೈಯುತ್ತ ಪೂರ್ತಿ ಉಣ್ಣುತ್ತಿದ್ದಳು.

ಈ ಕಾನೂನು ಎಲ್ಲಿಂದ ಬಂತೆಂದು ನನಗೆ ಗೊತ್ತು. ನಮ್ಮದು ಸಾಸ್ವೆಹಳ್ಳಿ ಕಡೆಯ ಒಂದು ಹಳ್ಳಿ. ನಾವು ಚಿಕ್ಕವರಿದ್ದಾಗ ದೊಡ್ಡವರ ಮನೆಯ ಮದುವೆಗಳಲ್ಲಿ ನಮ್ಮ ಕೇರಿಯವರು ಪಂಕ್ತಿಯಲ್ಲಿ ಕೂರುವಂತಿರಲಿಲ್ಲ. ಎಲ್ಲರದೂ ಆದ ಮೇಲೆ ಹಿತ್ತಲ ಬಾಗಿಲಲ್ಲಿ ಪಾತ್ರೆ ಹಿಡಿದು ನಿಲ್ಲಬೇಕು. ಅನ್ನ, ಸಾರು, ಪಾಯಸ, ಕೋಸಂಬರಿ ಎಲ್ಲವೂ ಒಂದೇ ಪಾತ್ರೆಗೆ ಮೇಲಿನಿಂದ ಬೀಳುತ್ತಿತ್ತು. ಅಕ್ಕ ಆ ಪಾತ್ರೆಯನ್ನು ಮನೆಗೆ ತಂದು, ಮುತ್ತುಗದ ಎಲೆ ಹಾಸಿ, ನನ್ನನ್ನು ಕೂರಿಸಿ, ಬೆರೆತುಹೋದದ್ದರಲ್ಲೇ ಹೆಸರುಬೇಳೆಯನ್ನು ಬೆರಳಿನಿಂದ ಆಯ್ದು ಎಲೆಯ ತುದಿಗೆ ಇಡುತ್ತಿದ್ದಳು. "ಕೋಸಂಬರಿ," ಎಂದು ಹೆಸರು ಹೇಳಿ ಬಡಿಸುತ್ತಿದ್ದಳು. ಆಮೇಲೆ "ಪಾಯಸ". ಅವಳಿಗೆ ಆಗ ಹದಿನೈದು ವರ್ಷವೂ ಇರಲಾರದು. ಮುಂದೆ ನಾವು ಬುದ್ಧನ ಪಟ ತಂದು ಗೋಡೆಗೆ ಹಾಕಿದೆವು, ನಾನು ಸರ್ಕಾರಿ ನೌಕರಳಾದೆ, ಅನೇಕ ಪಂಕ್ತಿಗಳಲ್ಲಿ ಎಲ್ಲರ ನಡುವೆ ಕೂತು ಉಂಡೆವು. ಕಾನೂನು ಮಾತ್ರ ಬದಲಾಗಲಿಲ್ಲ.

ಜಗಳೂರಿನಲ್ಲಿ ನಮ್ಮ ಮನೆಯ ಮಾಲಕಿ ಬಿಳಿಚೋಡಿನವಳು, ಕುರಿ ಮೇಯಿಸಿದ ಮನೆತನದ ಗಟ್ಟಿ ಹೆಂಗಸು. ಜೋಳದ ರೊಟ್ಟಿ ಬಡಿದ ದಿನ ಒಂದು ಮೊರದ ತುಂಬಾ ಹಸಿ ಮೆಂತ್ಯದ ಸೊಪ್ಪು, ಈರುಳ್ಳಿ, ಎಳೆ ಮೂಲಂಗಿ ಹರಡಿ ನಡುಮನೆಯಲ್ಲಿಟ್ಟು, "ಬರ್ರವ್ವಾ, ಹರ್ಕಳ್ರಿ, ತಿನ್ರಿ," ಎನ್ನುತ್ತಿದ್ದಳು. ಈಗ ಯೋಚಿಸಿದರೆ ನಾನು ಕಂಡ ಮೊದಲ ಸಲಾಡ್ ಬಾರ್ ಅದೇ. ಅಲ್ಲಿ ಕೂಡ ಅಕ್ಕ ಮೊರದಿಂದ ಎಳೆಯ ಮೂಲಂಗಿ ಹುಡುಕಿ ನನ್ನ ರೊಟ್ಟಿಯ ಮೇಲೆ ಇಟ್ಟ ಮೇಲೆಯೇ ತಾನು ಕೈ ಹಾಕುವುದು. ಮಾಲಕಿ ನೋಡಿ ನೋಡಿ, "ನಿನ್ ತಂಗಿಗೆ ಕೈ ಇಲ್ಲೇನೇ?" ಎಂದು ಕೇಳಿದಳು. "ಐತೆ, ಸೀಮೆಸುಣ್ಣ ಹಿಡಿಯಾಕೆ," ಎಂದಳು ಅಕ್ಕ.

ಸೌತೆಕಾಯಿಯ ವಿಷಯ ಹೇಳದಿದ್ದರೆ ಅಕ್ಕನ ವಿಷಯ ಹೇಳಿದಂತಾಗುವುದಿಲ್ಲ. ಅವಳು ಸೌತೆಕಾಯಿಯ ತುದಿ ಕತ್ತರಿಸಿ, ಆ ತುಂಡಿನಿಂದಲೇ ನೊರೆ ಬರುವ ತನಕ ಉಜ್ಜಿ, ತೊಳೆದು, ಮೊದಲ ಬಿಲ್ಲೆಯನ್ನು ತಾನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆಮೇಲೆ ಒಂದೊಂದೇ ನನ್ನ ತಟ್ಟೆಗೆ. ಕೆಲವು ಕಾಯಿಗಳಲ್ಲಿ ಒಂದೂ ನನ್ನ ತಟ್ಟೆಗೆ ಬರುತ್ತಿರಲಿಲ್ಲ, ಪೂರ್ತಿ ಅವಳೇ ತಿಂದುಬಿಡುತ್ತಿದ್ದಳು. ನನ್ನ ಅಕ್ಕನಿಗೆ ಎಲ್ಲದರಲ್ಲೂ ತ್ಯಾಗಬುದ್ಧಿ, ಸೌತೆಕಾಯಿಯಲ್ಲಿ ಮಾತ್ರ ಸ್ವಲ್ಪ ಆಸೆಬುರುಕಿ ಎಂದು ನಾನು ತಿಳಿದಿದ್ದೆ. ಒಂದೆರಡು ಸಲ ಹಾಗೆ ಹೇಳಿ ರೇಗಿಸಿಯೂ ಇದ್ದೆ. ಅವಳು ನಕ್ಕು ಅಗಿಯುತ್ತಿದ್ದಳು.

ಅವಳು ತೀರಿಕೊಂಡು ಒಂದು ತಿಂಗಳಾದ ಮೇಲೆ ಒಂದು ದಿನ ನಾನೇ ಸೌತೆಕಾಯಿ ತಂದು ಹೆಚ್ಚಿದೆ. ಬಾಯಿಗಿಟ್ಟರೆ ವಿಷದಂಥ ಕಹಿ. ಸೌತೆಕಾಯಿ ಕಹಿಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದಲ್ಲ, ಬೇರೆಯವರ ಮನೆಯಲ್ಲಿ ತಿಂದಿದ್ದೇನಲ್ಲ. ನಮ್ಮ ಮನೆಗೆ ಬರುವ ಕಾಯಿಗಳು ಒಳ್ಳೆಯವು ಎಂದುಕೊಂಡಿದ್ದೆ. ಇಂಗ್ಲಿಷ್ ವ್ಯಾಕರಣವನ್ನು ಒಂದು ತಾಲ್ಲೂಕಿಗೇ ಕಲಿಸಿದ ಹೆಂಗಸಿಗೆ ಇಷ್ಟು ತಿಳಿಯಲು ಅರವತ್ತು ದಾಟಬೇಕಾಯಿತು. ಆವತ್ತು ತಟ್ಟೆಯನ್ನು ಎತ್ತಿ ಮೇಲಿಟ್ಟವಳು ಮತ್ತೆ ಇಳಿಸಿದ್ದು ಒಂದೇ ಸಲ. ನಾನೇ ಅನ್ನ ಹಾಕಿಕೊಂಡು, ಚಾಪೆ ಹಾಸಿ ಕೂತು ನೋಡಿದೆ. ಕಳ್ಳತನ ಮಾಡುತ್ತಿರುವ ಹಾಗೆನಿಸಿ ಎದ್ದುಬಿಟ್ಟೆ.

ನನಗೆ ಒಂಟಿತನ ಎಂದು ನೇರವಾಗಿ ಹೇಳಿಬಿಡುತ್ತೇನೆ. ಪುಸ್ತಕವಿದೆ, ಟಿವಿ ಇದೆ, ಅಕ್ಕಪಕ್ಕದವರು ಒಳ್ಳೆಯವರು. ಹಗಲು ಹೇಗೋ ಹೋಗುತ್ತದೆ. ಉಣ್ಣುವ ಹೊತ್ತು ಹೋಗುವುದಿಲ್ಲ.

ಅದಕ್ಕೇ ಮಂಜುಳ ಮದುವೆಗೆ ಕರೆದಾಗ ನನಗೆ ಒಂದು ದುರಾಸೆ ಹುಟ್ಟಿತು. ಮದುಮಕ್ಕಳು ಯಾರೋ ನನಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಮಂಜುಳನ ಪಂಕ್ತಿ ಎಂದರೆ ಈ ಕಡೆ ಹೆಸರುವಾಸಿ. ಬಾಳೆ ಎಲೆ, ನೀರು ಚಿಮುಕಿಸಿಕೊಂಡು ಕೂರುವುದು, ಅವಳ ಹೆಂಗಸರು ಬಗ್ಗಿ ಬಗ್ಗಿ, "ಇನ್ನೊಂಚೂರು ಹಾಕ್ಸ್ಕಳ್ರಿ" ಎಂದು ಬಲವಂತ ಮಾಡುವುದು. ಸಲಾಡ್ ಬಾರ್ ಒಂದು ಮೂಲೆಯಲ್ಲಿರಲಿ, ನಾನು ಪಂಕ್ತಿಯಲ್ಲಿ ಕೂತು ಒಂದೇ ಒಂದು ಊಟ ಬಡಿಸಿಕೊಂಡು ಉಂಡು ಬರುತ್ತೇನೆ ಎಂದುಕೊಂಡೆ. ಅಕ್ಕನ ನೀಲಿ ಸೀರೆ ಉಟ್ಟು, ಬೆಳಗಿನ ತಿಂಡಿಯನ್ನೂ ಬಿಟ್ಟು ಹೊರಟೆ. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿದೆ. ಸಾಸ್ವೆಹಳ್ಳಿ ಬಂದಾಗ ಕಂಡಕ್ಟರು ಇಳಿಯುವವರು ಇಳೀರಿ ಎಂದ. ನಾನು ಆ ಕಡೆಯ ಕಿಟಕಿಗೆ ತಿರುಗಿ ಕೂತೆ. ಇಳಿದರೆ ಯಾರ ಮನೆಗೆ ಹೋಗುವುದು?

ಚನ್ನಗಿರಿಯ ಕಲ್ಯಾಣ ಮಂಟಪದ ಊಟದ ಹಾಲಿಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತೆ. ಉದ್ದನೆಯ ಊಟದ ಟೇಬಲ್ಲುಗಳನ್ನೆಲ್ಲ ಮಡಚಿ ಗೋಡೆಗೆ ಒರಗಿಸಿದ್ದರು. ಎಲೆ ಇಲ್ಲ, ಪಂಕ್ತಿ ಇಲ್ಲ. ಸುತ್ತಲೂ ಬಿಳಿ ಬಟ್ಟೆ ಹೊದಿಸಿದ ಕೌಂಟರುಗಳು. ಮಂಜುಳ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು.

"ನೀವು ಹೇಳಿದ್ದನ್ನ ಹಂಗಂಗೇ ಪಾರ್ಟಿಯೋರಿಗೆ ಹೇಳ್ದೆ ಮೇಡಂ. ತಾವೇ ಹಾಕ್ಕಳೋದು ಅಂದ ಕೂಡ್ಲೇ, ಭಾರೀ ಚೆನ್ನಾಗೈತೆ, ಎಲ್ಲಾನೂ ಹಂಗೇ ಇಡ್ರಿ ಅಂದ್ಬಿಟ್ರು. ಎಲ್ಲಾ ನಿಮ್ಮಿಂದಾನೇ!"

ಎಲ್ಲಾ ನನ್ನಿಂದಲೇ ಆಗಿತ್ತು. ಮೂವತ್ತು ಚಿಲ್ಲರೆ ವರ್ಷದ ಸೇವೆಯಲ್ಲಿ ನಾನು ಹೇಳಿಕೊಟ್ಟ ಒಂದು ಪದವನ್ನು ಒಬ್ಬ ವಿದ್ಯಾರ್ಥಿನಿ ಇಷ್ಟು ಚೆನ್ನಾಗಿ ಬಳಸಿದ್ದು ಇದೇ ಮೊದಲು. ನಗು ಬಂತು. ಮಂಜುಳ ಅಡುಗೆಮನೆಗೆ ಓಡಿದಳು. ನಾನು ಖಾಲಿ ತಟ್ಟೆ ಹಿಡಿದು ಕಂಬದ ಪಕ್ಕ ನಿಂತೆ.

ಸಲಾಡ್ ಬಾರ್ ಬಾಗಿಲ ಹತ್ತಿರವೇ ಇತ್ತು. ಮೇಲೆ ಇಂಗ್ಲಿಷ್ ಹಲಗೆ, ಸುತ್ತ ಚೆಂಡುಹೂವು, ಕಲ್ಲಂಗಡಿಯಲ್ಲಿ ಕೆತ್ತಿದ ಒಂದು ಹಂಸ. ಬಟ್ಟಲುಗಳ ತುಂಬಾ ಸೌತೆ, ಗಜ್ಜರಿ, ಬೀಟ್‌ರೂಟ್, ಮೊಳಕೆ ಹೆಸರುಕಾಳು, ನಿಂಬೆ ಹೋಳು. ಅದರ ಮುಂದೆ ಜನ ಸಾಲಾಗಿ ನಿಂತಿದ್ದರು, ಆದರೆ ಸಾಲು ಮುಂದೆ ಹೋಗುತ್ತಿರಲಿಲ್ಲ. ಮೊದಲಿಗೆ ನಿಂತಿದ್ದವರು ಉಬ್ರಾಣಿಯ ಒಬ್ಬ ಅಜ್ಜ, ಬಿಳಿ ಪಂಚೆ, ಹೆಗಲಲ್ಲಿ ಟವೆಲ್. ತಟ್ಟೆಯನ್ನು ಕೌಂಟರಿನ ಮೇಲೆ ಚಾಚಿ ಹಿಡಿದು ಸುಮ್ಮನೆ ನಿಂತಿದ್ದರು. ಅವರ ಹಿಂದಿನವರೂ ಹಾಗೇ. ಎಲ್ಲ ಬಟ್ಟಲಲ್ಲೂ ಚಮಚವಿತ್ತು, ಯಾರೂ ಮುಟ್ಟುತ್ತಿರಲಿಲ್ಲ.

"ಉಬ್ರಾಣಿಯಿಂದ ಬಂದೀವಿ, ಎಷ್ಟೊತ್ತು ನಿಲ್ಲಾದು? ಬಡಿಸೋರು ಯಾರ್ರೀ ಇಲ್ಲಿ?" ಎಂದರು ಅಜ್ಜ, ಆ ಹಂಸವನ್ನೇ ನೋಡುತ್ತ.

ಆ ಹಾಲಿನಲ್ಲಿ ಆ ಹಲಗೆಯ ಅರ್ಥ ಸರಿಯಾಗಿ ತಿಳಿದಿದ್ದವಳು ಬಹುಶಃ ನಾನೊಬ್ಬಳೇ. ನೀವೇ ಹಾಕಿಕೊಳ್ಳಬೇಕು ಅಜ್ಜಾ, ಹಾಗೆಂದೇ ಇದರ ಅರ್ಥ ಎಂದು ಹೇಳಬೇಕಿತ್ತು. ಹೇಳಲು ಹೋದವಳು ಹೇಳಲಿಲ್ಲ. ನನ್ನ ತಟ್ಟೆಯನ್ನು ಕಂಬದ ಬುಡದಲ್ಲಿಟ್ಟು, ಕೌಂಟರಿನ ಆ ಕಡೆಗೆ ಹೋಗಿ, ಅಕ್ಕನ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಇಲ್ಲಿದ್ದೀನಲ್ಲ," ಎಂದೆ.

ಮೊಳಕೆ ಕಾಳು ಹಾಕಿದೆ. ಗಜ್ಜರಿ ಹಾಕಿದೆ. ಸೌತೆಗೆ ಬಂದಾಗ ಕೈ ತಡೆಯಿತು. ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡೆ. ಕಹಿ. ಇನ್ನೊಂದು ಪರವಾಗಿಲ್ಲ. ಹತ್ತಾರು ಕಾಯಿಗಳ ಬಿಲ್ಲೆಗಳು ಒಂದರೊಳಗೊಂದು ಬೆರೆತಿದ್ದವು, ಯಾವುದನ್ನು ನಂಬುವುದು? ಮೇಜಿನ ಕೆಳಗೆ ಒಂದು ಬುಟ್ಟಿ ಇಡೀ ಕಾಯಿ ಇತ್ತು, ಮಣೆ ಇತ್ತು, ಚಾಕು ಇತ್ತು. ಹೆಚ್ಚಿಟ್ಟಿದ್ದ ಬಟ್ಟಲನ್ನು ಬದಿಗೆ ಸರಿಸಿ ಒಂದು ಕಾಯಿ ತೆಗೆದುಕೊಂಡೆ. ತುದಿ ಕತ್ತರಿಸಿ, ನೊರೆ ಬರುವ ತನಕ ಉಜ್ಜಿ, ತೊಳೆದು, ಮೊದಲ ಬಿಲ್ಲೆ ತಿಂದೆ. ಸಿಹಿಯಿತ್ತು. ನಾಲ್ಕು ಬಿಲ್ಲೆ ಅಜ್ಜನ ತಟ್ಟೆಗೆ ಹಾಕಿದೆ.

"ಅದೇನವ್ವಾ, ಊಟಕ್ಕೆ ಬಂದೋರಿಗಿಂತ ಮೊದ್ಲು ಬಡಿಸೋಳೇ ತಿಂತೀಯಲ್ಲ?"

"ಕಹಿ ಐತಾ ಅಂತ ನೋಡ್ತೀನಿ ಅಜ್ಜಾ."

"ಕಹಿ ಇದ್ರೆ ಏನ್ ಮಾಡ್ತೀ?"

"ನಾನೇ ತಿಂತೀನಿ," ಎಂದೆ. ಈ ಪ್ರಶ್ನೆಯನ್ನು ನಾನು ಅಕ್ಕನನ್ನು ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದರೆ ಇದೇ ಉತ್ತರ ಬರುತ್ತಿತ್ತು.

ಸಾಲು ಮುಂದೆ ಸರಿಯಿತು. ಯಾರು ಏನೆಂದು ನಾನು ಕೇಳಲಿಲ್ಲ, ನಾನು ಯಾರೆಂದು ಅವರೂ ಕೇಳಲಿಲ್ಲ. ಹಿತ್ತಲ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಿದ್ದವಳ ಮುಂದೆ ರೇಷ್ಮೆ ಸೀರೆಗಳು, ಸಫಾರಿಗಳು, ಪಂಚೆಗಳು ತಟ್ಟೆ ಚಾಚುತ್ತಿದ್ದವು. ನಾನು ಒಬ್ಬೊಬ್ಬರಿಗೂ ಹೆಸರು ಹೇಳಿ ಬಡಿಸಿದೆ. ಕೋಸಂಬರಿ. ಗಜ್ಜರಿ. ಸೌತೆಕಾಯಿ, ಕಹಿ ಇಲ್ಲ. ಕೆಲವರು ಎರಡನೇ ಸಲವೂ ಬಂದರು. ನನ್ನ ಕೈಗೆ ಅಳತೆ ಇಲ್ಲದ್ದು ಅವತ್ತು ಎಲ್ಲರಿಗೂ ಗೊತ್ತಾಯಿತು. ಒಂದು ಹೆಣ್ಣುಮಗಳು ನನ್ನನ್ನು ಅಡುಗೆಯವಳೆಂದು ತಿಳಿದು, "ನಮ್ಮನೆ ಸೀಮಂತಕ್ಕೂ ಬರ್ತೀರಾ?" ಎಂದು ಕೇಳಿದಳು. ಮಂಜುಳನ ನಂಬರು ಕೊಟ್ಟೆ.

ಸಾಲು ಮುಗಿಯುವಾಗ ಊಟದ ಹಾಲ್ ಅರ್ಧ ಖಾಲಿಯಾಗಿತ್ತು. ಅಷ್ಟು ಹೊತ್ತೂ ಒಬ್ಬಳೇ ಎಂದು ಅನ್ನಿಸಿರಲಿಲ್ಲ. ಚಾಕು ಕೆಳಗಿಟ್ಟ ಕೂಡಲೇ ಅನ್ನಿಸಿತು. ಕಂಬದ ಬುಡದಲ್ಲಿದ್ದ ತಟ್ಟೆ ಎತ್ತಿಕೊಂಡು, ನಾನೂ ಒಂದಿಷ್ಟು ಹಾಕಿಕೊಂಡು ನಿಂತೇ ತಿಂದು ಮೂರರ ಬಸ್ಸು ಹಿಡಿಯೋಣ ಎಂದು ಕೌಂಟರಿಗೆ ಕೈ ಚಾಚಿದೆ.

"ಕೈ ತೆಗೀರಿ ಮೇಡಂ."

ಹಿಂದೆ ಮಂಜುಳ ನಿಂತಿದ್ದಳು. ಅವಳಿಗೆ ಅಕ್ಕನ ಕಾನೂನು ಗೊತ್ತಿರಲು ಸಾಧ್ಯವಿಲ್ಲ. ಅಡುಗೆಯವರು ಹಾಗೇ ಗದರುತ್ತಾರೆ, ಅಷ್ಟೇ. ಆದರೆ ನಾನು ಕೈ ತೆಗೆದ ವೇಗ ನೋಡಿ ಅವಳೇ ಬೆಚ್ಚಿದಳು.

"ಬಡಿಸೋರು ಇರಲ್ಲ ಅಂದೋರೇ ಎಲ್ಲಾರಿಗೂ ಬಡಿಸಿದ್ರಿ, ನೋಡ್ದೆ ನಾನು. ನಾನು ಹಿಂಗೆ ವಾಕ್ಯದಾಗೆ ಬಳಸಿದ್ರೆ ತಪ್ಪು ಅಂತ ಕೆಂಪು ಗೀಟು ಹಾಕ್ತಿದ್ರಿ. ಬರ್ರಿ, ಕೂತ್ಕಳ್ರಿ."

ಗೋಡೆಗೆ ಒರಗಿಸಿದ್ದ ಒಂದು ಟೇಬಲ್ಲನ್ನು ಬಿಡಿಸಿ ಹಾಕಿದಳು. ಎಲ್ಲಿಂದಲೋ ಒಂದು ಬಾಳೆ ಎಲೆ ತಂದಳು. ಇಡೀ ಹಾಲಿನಲ್ಲಿ ಒಂದೇ ಎಲೆಯ ಪಂಕ್ತಿ. ಉಪ್ಪು, ಕೋಸಂಬರಿ, ಪಲ್ಯ, ಹೋಳಿಗೆ, ಅನ್ನ, ಒಂದೊಂದಾಗಿ ಬಡಿಸಿದಳು. ಕೊನೆಗೆ ನಾನು ಬಿಟ್ಟು ಬಂದಿದ್ದ ಮಣೆಯ ಮೇಲೆ ಒಂದು ಸೌತೆಕಾಯಿ ಹೆಚ್ಚಿ ಎಲೆಯ ತುದಿಗೆ ನಾಲ್ಕು ಬಿಲ್ಲೆ ಇಟ್ಟಳು. ಅವಸರದ ಹುಡುಗಿ, ಉಜ್ಜಲಿಲ್ಲ, ತಿಂದು ನೋಡಲಿಲ್ಲ.

ಮೊದಲು ಅದನ್ನೇ ಬಾಯಿಗೆ ಹಾಕಿಕೊಂಡೆ. ನಾಲಿಗೆಯಿಂದ ಕಿವಿಯ ತನಕ ಕಹಿ ಏರಿತು. ಮಂಜುಳ ಸೌಟು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೆಂಗೈತೆ ಮೇಡಂ?"

ನಾನು ನಕ್ಕು ಅಗಿದೆ. ಉಳಿದ ಮೂರನ್ನೂ ತಿಂದೆ.

"ಚೆನ್ನಾಗೈತೆ," ಎಂದೆ. "ಇನ್ನೆರಡು ಹಾಕು."